ಅಂತರ್ಗತ ಕಳಂಕ ಮತ್ತು ಗಂಡು–ಹೆಣ್ಣಿನ ಪಾತ್ರಗಳು

ಸಲಿಂಗಪ್ರೇಮವನ್ನು ಕೀಳಾಗಿ ಕಾಣುವ ಸಮಾಜದ ದೃಷ್ಟಿಯನ್ನು ಗೇ ಅಥವಾ ಲೆಸ್ಬಿಯನ್ ವ್ಯಕ್ತಿಯೇ ನಿಜವೆಂದು ನಂಬಿ ತನ್ನನ್ನು ಹಳಿದುಕೊಳ್ಳುವುದು ಅಂತರ್ಗತ ಕಳಂಕ. ಅಮೆರಿಕದ ಮನೋವಿಜ್ಞಾನಿ ಜಾರ್ಜ್ ವೈನ್‌ಬರ್ಗ್ 1972ರ ತಮ್ಮ ಪುಸ್ತಕದಲ್ಲಿ ‘ಹೋಮೋಫೋಬಿಯಾ’ವನ್ನು ವಿವರಿಸುವಾಗ ಈ ಆತ್ಮದ್ವೇಷವನ್ನೂ ಅದರೊಳಗೆ ಸೇರಿಸಿದ್ದರು. ಇಲಾನ್ ಮೇಯರ್ 2003ರಲ್ಲಿ ವಿಸ್ತರಿಸಿದ ‘ಅಲ್ಪಸಂಖ್ಯಾತರ ಒತ್ತಡ’ದ ಸಿದ್ಧಾಂತದ ಪ್ರಕಾರ, ಹೊರಗಿನ ಹಿಂಸೆ ನಿಂತ ಮೇಲೂ ಇದು ಒಳಗೆ ಉಳಿದಿರಬಲ್ಲದು.

ಕಳಂಕ ಮೊದಲು ಅಂಟುವುದು ನಡೆನುಡಿಗೆ. ಬಯಕೆಯ ಸರದಿ ಆಮೇಲೆ. ತನ್ನ ಆಸೆ ಏನೆಂದು ಹುಡುಗನಿಗೆ ತಿಳಿಯುವ ಮೊದಲೇ ಶಾಲೆಯಲ್ಲಿ ‘ಹೆಣ್ಣಿಗ’ ಎಂಬ ಹೆಸರು ಬಿದ್ದಿರುತ್ತದೆ, ಮರ ಹತ್ತುವ ಹುಡುಗಿ ‘ಗಂಡುಬೀರಿ’ ಅನ್ನಿಸಿಕೊಂಡಿರುತ್ತಾಳೆ. ಪುಸ್ತಕವನ್ನು ಎದೆಗವಚಿ ಹಿಡಿಯಬಾರದು, ಮಾತಾಡುವಾಗ ಕೈ ಆಡಿಸಬಾರದು, ಫೋನಿನಲ್ಲಿ ದನಿ ದಪ್ಪ ಮಾಡಿಕೊಳ್ಳಬೇಕು: ಈ ಕಾವಲು ವರ್ಷಗಟ್ಟಲೆ ನಡೆದು ಸ್ವಭಾವವೇ ಆಗಿಬಿಡುತ್ತದೆ. ಆಮೇಲೆ ಅದೇ ಕಣ್ಣು ತನ್ನವರತ್ತ ತಿರುಗುತ್ತದೆ. ಡೇಟಿಂಗ್ ಆ್ಯಪ್‌ಗಳಲ್ಲಿ ‘ಹೆಣ್ಣಿಗರು ಬೇಡ’ ಎಂದು ಬರೆದುಕೊಳ್ಳುವವರೂ ಗೇ ಗಂಡಸರೇ. ಇದೆಲ್ಲ ಬರೀ ಅವರವರ ಅಭಿರುಚಿ ಎಂದು ಬಿಟ್ಟುಬಿಡುವುದು ಕಷ್ಟ.

1955ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಲೆಸ್ಬಿಯನ್ ಸಂಘಟನೆ ‘ಡಾಟರ್ಸ್ ಆಫ್ ಬಿಲಿಟಿಸ್’ ಕೂಡ, ಸಮಾಜ ಒಪ್ಪುವಂಥ ಉಡುಪು, ನಡತೆ ಇರಲಿ ಎಂದು ಸದಸ್ಯೆಯರಿಗೆ ಬುದ್ಧಿ ಹೇಳಿತ್ತು. ಆದರೆ ಅಮೆರಿಕದ ಬಫಲೋ ನಗರದ ಲೆಸ್ಬಿಯನ್ನರ ನೆನಪುಗಳನ್ನು ಕಲೆಹಾಕಿದ ಎಲಿಜಬೆತ್ ಕೆನಡಿ ಮತ್ತು ಮ್ಯಾಡಲೀನ್ ಡೇವಿಸ್ 1993ರ ಕೃತಿಯಲ್ಲಿ, ಗಂಡುಡುಗೆಯ ‘ಬುಚ್’ ಹಾಗೂ ಆಕೆಯ ಜೊತೆಗಾತಿ ‘ಫೆಮ್’ ಬಾರುಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಬದುಕಿದ್ದನ್ನೇ ಪ್ರತಿರೋಧವೆಂದು ಓದಿದರು. ಪಾತ್ರ ಹಿಡಿದವರೆಲ್ಲ ಕಳಂಕ ನುಂಗಿದವರಲ್ಲ.

ಭಾರತದ ‘ಕೋಥಿ’, ‘ಪಂತಿ’ ಜೋಡಿಯಲ್ಲಿ ನಿಂದೆಯ ದೊಡ್ಡ ಪಾಲು ಹೆಣ್ಣಿನ ಹಾವಭಾವದ ಕೋಥಿಯದು; ಗಂಡಿನ ಪಾತ್ರದ ಪಂತಿ ಮದುವೆಯಾಗಿ ಸಂಸಾರಸ್ಥನಾಗಿ ಪಾರಾಗುವುದುಂಟು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ (2013) ಇಂಥ ನಿಂದೆಯ ನಡುವಿನ ಗೇ ಯುವಕನ ಬದುಕನ್ನು ಒಳಗಿನಿಂದ ಹೇಳಿದ ಕಥಾಸಂಕಲನ.

ವೈದ್ಯಲೋಕವೂ ಇಲ್ಲಿ ನಿರ್ದೋಷಿಯಲ್ಲ. ಅಮೆರಿಕದ ಮನೋವೈದ್ಯ ಸಂಘ 1973ರಲ್ಲಿ ಸಲಿಂಗಕಾಮವನ್ನು ರೋಗಗಳ ಪಟ್ಟಿಯಿಂದ ತೆಗೆದರೂ, 1980ರ ಪಟ್ಟಿಯಲ್ಲಿ ತನ್ನ ಸಲಿಂಗಾಸಕ್ತಿಯ ಬಗ್ಗೆ ಕೊರಗುವುದನ್ನು ರೋಗವೆಂದು ಉಳಿಸಿಕೊಂಡಿತು. ಸಮಾಜ ಕೊಟ್ಟ ನಾಚಿಕೆಗೆ ರೋಗಿಯನ್ನೇ ಹೊಣೆ ಮಾಡಿದ ಈ ರೋಗದ ಹೆಸರು ಪಟ್ಟಿಯಿಂದ 1987ರಲ್ಲಿ ಹೋಯಿತು. ಕಾನೂನೂ ತಡವಾಗಿ ಬದಲಾಯಿತು: ಭಾರತದ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವನ್ನು ಆಗಿನ ದಂಡ ಸಂಹಿತೆಯ 377ನೇ ಕಲಮಿನ ಅಪರಾಧದಿಂದ ಹೊರತಂದಿತು. ಸಲಿಂಗಾಸಕ್ತಿಯನ್ನು ಬದಲಿಸಲು ಹೊರಡುವ ‘ಪರಿವರ್ತನಾ ಚಿಕಿತ್ಸೆ’ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು.