ಚಿತ್ರಪಟದ ಹ್ಯಾಂಡೆಲ್, ಚರಿತ್ರೆಯ ಹ್ಯಾಂಡೆಲ್

ಸಂಗೀತರಚನಕಾರರ ಜೀವನವನ್ನು ಕುರಿತ ಹಳೆಯ ಚಲನಚಿತ್ರಗಳಲ್ಲಿ 1942ರಲ್ಲಿ ಇಂಗ್ಲೆಂಡಿನಲ್ಲಿ ತೆರೆಕಂಡ 'ದ ಗ್ರೇಟ್ ಮಿಸ್ಟರ್ ಹ್ಯಾಂಡೆಲ್' ಕ್ರೈಸ್ತ ಓದುಗರ ವಿಶೇಷ ಗಮನಕ್ಕೆ ಅರ್ಹವಾದುದು. ನಾರ್ಮನ್ ವಾಕರ್ ನಿರ್ದೇಶಿಸಿದ ಈ ವರ್ಣಚಿತ್ರದಲ್ಲಿ ವಿಲ್‌ಫ್ರಿಡ್ ಲಾಸನ್ ಎಂಬ ನಟನು ಹ್ಯಾಂಡೆಲನ ಪಾತ್ರವನ್ನು ವಹಿಸಿದ್ದಾನೆ. 'ಮೆಸ್ಸಾಯ' ಎಂಬ ಒರಟೋರಿಯೋ, ಅಂದರೆ ವೇಷಭೂಷಣ ಅಭಿನಯಗಳಿಲ್ಲದೆ ಏಕಗಾನ ಸಮೂಹಗಾನಗಳ ಮೂಲಕ ಸತ್ಯವೇದದ ವಿಷಯವನ್ನು ನಿರೂಪಿಸುವ ದೀರ್ಘ ಸಂಗೀತಕೃತಿ, ಹೇಗೆ ಹುಟ್ಟಿತೆಂಬುದೇ ಅದರ ಕಥಾವಸ್ತು. ಕ್ರಿಸ್ಮಸ್ ಮತ್ತು ಈಸ್ಟರ್ ಕಾಲದಲ್ಲಿ ನಮ್ಮ ಗಾಯನವೃಂದಗಳು ಹಾಡುವ 'ಹಲ್ಲೆಲೂಯ' ಸಮೂಹಗಾನವು ಈ ಕೃತಿಯದೇ. ಹಾಡಿನ ಜೊತೆಗೆ ಅದರ ಹುಟ್ಟಿನ ಕಥೆಯೂ ಪ್ರಸಂಗಗಳಲ್ಲಿ ದೃಷ್ಟಾಂತವಾಗಿ ಬಳಕೆಗೆ ಬಂದಿದೆ. ಆ ಕಥೆಯಲ್ಲಿ ಚರಿತ್ರೆ ಎಷ್ಟು, ಭಕ್ತಿಯ ಕಲ್ಪನೆ ಎಷ್ಟು, ಮತ್ತು ಈ ವಿವೇಚನೆಯಿಂದ ಸಭೆಗೆ ಆಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಚಿತ್ರದ ಹಿನ್ನೆಲೆ

ಈ ಚಿತ್ರದ ಹಿಂದಿದ್ದವನು ಜೆ. ಆರ್ಥರ್ ರ‍್ಯಾಂಕ್. ಹಿಟ್ಟಿನ ಗಿರಣಿಗಳ ಒಡೆಯನ ಮಗನಾದ ಆತನು ಮೆಥಡಿಸ್ಟ್ ಸಭೆಯ ಸದಸ್ಯ ಹಾಗೂ ಸಂಡೇಸ್ಕೂಲ್ ಶಿಕ್ಷಕ. ಚಲನಚಿತ್ರವನ್ನು ಸುವಾರ್ತೆಯ ಸಾಧನವಾಗಿ ಬಳಸಬೇಕೆಂಬ ಉದ್ದೇಶದಿಂದಲೇ ಆತನು 1930ರ ದಶಕದಲ್ಲಿ ಧಾರ್ಮಿಕ ಚಿತ್ರಗಳ ಕೆಲಸಕ್ಕೆ ಇಳಿದು, ಮುಂದೆ ಬ್ರಿಟನ್ನಿನ ಚಿತ್ರೋದ್ಯಮದ ಅತಿ ದೊಡ್ಡ ಒಡೆಯನಾದನು. ನಾಟಕಶಾಲೆಯನ್ನು ಸಂಶಯದಿಂದ ನೋಡುತ್ತ ಬಂದ ಸಭಾಪರಂಪರೆಯಿಂದಲೇ ಇಂಥ ಪ್ರಯತ್ನ ಹೊರಟಿತೆಂಬುದು ಗಮನಾರ್ಹ.

ಚಿತ್ರವು ತೆರೆಕಂಡ ವರ್ಷಕ್ಕೂ ಅರ್ಥವಿದೆ. 'ಮೆಸ್ಸಾಯ' ಮೊದಲು ಹಾಡಲ್ಪಟ್ಟು ಆಗ ಸರಿಯಾಗಿ 200 ವರ್ಷಗಳಾಗಿದ್ದವು. ಬ್ರಿಟನ್ ಜರ್ಮನಿಯೊಂದಿಗೆ ಯುದ್ಧದಲ್ಲಿ ತೊಡಗಿತ್ತು. ಹ್ಯಾಂಡೆಲನಾದರೋ 1685ರಲ್ಲಿ ಜರ್ಮನಿಯ ಹಾಲೆ ಪಟ್ಟಣದಲ್ಲಿ ಲೂಥರನ್ ಕುಟುಂಬದಲ್ಲಿ ಹುಟ್ಟಿ, 1727ರಲ್ಲಿ ಬ್ರಿಟಿಷ್ ಪ್ರಜೆಯಾದವನು. ಶತ್ರುದೇಶದಲ್ಲಿ ಹುಟ್ಟಿದವನೊಬ್ಬನ ಸಂಗೀತದಲ್ಲಿ ಬ್ರಿಟಿಷ್ ಜನತೆಯು ತನ್ನ ವಿಶ್ವಾಸದ ಧ್ವನಿಯನ್ನು ಕೇಳುತ್ತಿದ್ದ ಕಾಲವದು. ಕ್ರಿಸ್ತನ ಸಭೆಯು ರಾಷ್ಟ್ರಗಳ ಗಡಿಯನ್ನು ಮೀರಿದ್ದೆಂಬುದಕ್ಕೆ ಇದು ಚಿತ್ರವು ಬಾಯಿಬಿಟ್ಟು ಹೇಳದೆಯೂ ಕೊಟ್ಟ ಸಾಕ್ಷಿ.

ಚಿತ್ರದ ಕಥೆ ಮತ್ತು ದಾಖಲೆ

ಚಿತ್ರದ ಕಥೆ ಸರಳವಾಗಿದೆ. ಯುವರಾಜ ಫ್ರೆಡರಿಕನ ಮುನಿಸಿಗೆ ಗುರಿಯಾದ ಹ್ಯಾಂಡೆಲನು ಶ್ರೋತೃಗಳನ್ನು ಕಳೆದುಕೊಳ್ಳುತ್ತಾನೆ. ಸಾಲಗಾರರು ಬಾಗಿಲಿಗೆ ಬರುತ್ತಾರೆ. ಗಾಯಕಿ ಸಿಬ್ಬರ್ ಮತ್ತು ನಿಷ್ಠಾವಂತ ಸೇವಕ ಮಾತ್ರ ಆತನ ಪಕ್ಕದಲ್ಲಿ ಉಳಿಯುತ್ತಾರೆ. ಆಗ ಸತ್ಯವೇದದ ವಚನಗಳ ಸಂಕಲನವೊಂದು ಕೈಸೇರಿ, ರಚನೆಗೆ ಕುಳಿತ ಆತನ ಕಣ್ಣೆದುರು ಕ್ರಿಸ್ತನ ಜೀವನದ ದೃಶ್ಯಗಳು ದರ್ಶನಗಳಾಗಿ ತೆರೆದುಕೊಳ್ಳುತ್ತವೆ. ಸಂಕಟ, ದರ್ಶನ, ವಿಜಯ ಎಂಬ ಮೂರು ಮೆಟ್ಟಿಲುಗಳ ಈ ಕ್ರಮವು ನಮ್ಮ ಸಾಕ್ಷಿಕೂಟಗಳಲ್ಲಿ ಕೇಳುವ ಜೀವನಸಾಕ್ಷಿಗಳ ಕ್ರಮವೇ ಆಗಿರುವುದರಿಂದ ಅದು ನಮಗೆ ಸುಲಭವಾಗಿ ಹಿಡಿಸುತ್ತದೆ.

ಸಂಕಟವೇನೋ ನಿಜವಾಗಿತ್ತು. ಇಟಾಲಿಯನ್ ಭಾಷೆಯ ಸಂಗೀತನಾಟಕಗಳಿಗೆ ಲಂಡನ್ನಿನಲ್ಲಿ ಬೇಡಿಕೆ ಕುಗ್ಗಿತು; 1733ರಿಂದ ಶ್ರೀಮಂತರು ಕಟ್ಟಿದ ಪ್ರತಿಸ್ಪರ್ಧಿ ತಂಡವೊಂದು ಆತನಿಗೆ ಎದುರಾಯಿತು; 1737ರಲ್ಲಿ ಪಾರ್ಶ್ವವಾಯುವಿನಂತಹ ಕಾಯಿಲೆ ತಗುಲಿ ಬಲಗೈ ಸ್ವಾಧೀನ ತಪ್ಪಿತು. 1741ರ ಆರಂಭದಲ್ಲಿ ಪ್ರದರ್ಶನಗೊಂಡ 'ಡೈಡಾಮಿಯಾ' ಆತನ ಕೊನೆಯ ಸಂಗೀತನಾಟಕವಾಯಿತು. ಆದರೆ ಆತನು ನಿರ್ಗತಿಕನಾಗಿರಲಿಲ್ಲ. ಅರಮನೆಯಿಂದ ವರ್ಷಕ್ಕೆ 600 ಪೌಂಡುಗಳ ವೇತನ ಆತನಿಗೆ ಸಲ್ಲುತ್ತಿತ್ತು.

'ಮೆಸ್ಸಾಯ'ವನ್ನು ಆತನು 1741ರ ಆಗಸ್ಟ್ 22ರಿಂದ ಸೆಪ್ಟೆಂಬರ್ 14ರವರೆಗೆ, 24 ದಿನಗಳಲ್ಲಿ ಬರೆದು ಮುಗಿಸಿದನು. ಈ ವೇಗವನ್ನೇ ದೈವಿಕ ಪ್ರೇರಣೆಯ ಪ್ರಮಾಣವೆಂದು ಹೇಳುವ ರೂಢಿಯಿದೆ. ಆದರೆ ಇದಾದ ಕೂಡಲೇ 'ಸ್ಯಾಮ್ಸನ್' ಎಂಬ ಮತ್ತೊಂದು ಒರಟೋರಿಯೋವನ್ನು ಕೈಗೆತ್ತಿಕೊಂಡು ಅಕ್ಟೋಬರ್ ಕೊನೆಯ ಹೊತ್ತಿಗೆ ಅದರ ಕರಡನ್ನೂ ಆತನು ಮುಗಿಸಿದನು. ವೇಗವು ಆತನ ವೃತ್ತಿಯ ಅಭ್ಯಾಸವಾಗಿತ್ತು. ಇನ್ನೊಂದು ಸಂಗತಿ ಹೆಚ್ಚು ಕುತೂಹಲಕರ. ಕ್ರಿಸ್ತನ ಜನನವನ್ನು ಕುರಿತ ಯೆಶಾಯನ ಪ್ರವಾದನೆಯ ಪ್ರಸಿದ್ಧ ಸಮೂಹಗಾನದ ಸ್ವರಗಳನ್ನು ಆತನು ಅದೇ ವರ್ಷದ ಜುಲೈಯಲ್ಲಿ ತಾನೇ ರಚಿಸಿದ್ದ ಇಟಾಲಿಯನ್ ಪ್ರಣಯಗೀತೆಯೊಂದರಿಂದ ತೆಗೆದುಕೊಂಡನು. ಪ್ರಣಯದ ದೂರನ್ನು ಹಾಡಲು ಹುಟ್ಟಿದ ರಾಗವು ರಕ್ಷಕನ ಜನನವನ್ನು ಸಾರಲು ಮೀಸಲಾಯಿತು. ರಚನಾಕಾಲದಲ್ಲಿ ಪರಲೋಕವೇ ತನ್ನೆದುರು ತೆರೆಯಿತೆಂದು ಹ್ಯಾಂಡೆಲನು ಕಣ್ಣೀರಿಡುತ್ತ ಸೇವಕನಿಗೆ ಹೇಳಿದನೆಂಬ ಕಥೆಯಾದರೋ ಆತನ ಮರಣದ ಎಷ್ಟೋ ಕಾಲದ ನಂತರ, 19ನೆಯ ಶತಮಾನದ ಬರಹಗಳ ಮೂಲಕ ಪ್ರಚಾರಕ್ಕೆ ಬಂದದ್ದು.

ವಚನಗಳನ್ನು ಆಯ್ದವನು

ಚಿತ್ರದಲ್ಲಿ ಚಾರ್ಲ್ಸ್ ಜೆನೆನ್ಸ್ ಒಂದು ಬದಿಯ ಪಾತ್ರ. ದೈವಶಾಸ್ತ್ರದ ದೃಷ್ಟಿಯಿಂದ ನೋಡುವವರಿಗೆ ಆತನೇ ಮುಖ್ಯನು. 'ಮೆಸ್ಸಾಯ'ದಲ್ಲಿ ಹ್ಯಾಂಡೆಲನು ಬರೆದ ಮಾತು ಒಂದೂ ಇಲ್ಲ. ಯೆಶಾಯ, ಮಲಾಕಿಯ, ಕೀರ್ತನೆಗಳು, ಯೋಬ, ಸುವಾರ್ತೆಗಳು, ಪೌಲನ ಪತ್ರಿಕೆಗಳು, ಪ್ರಕಟನೆ ಇವುಗಳಿಂದ ವಚನಗಳನ್ನು ಆಯ್ದು ಜೋಡಿಸಿದವನು ಜೆನೆನ್ಸ್. ದೇವರು ಲೋಕವನ್ನು ಸೃಷ್ಟಿಸಿ ದೂರ ಸರಿದಿದ್ದಾನೆ, ಪ್ರವಾದನೆಗೂ ಅದ್ಭುತಕ್ಕೂ ಎಡೆಯಿಲ್ಲ ಎಂದು ವಾದಿಸುತ್ತಿದ್ದ ಪಂಥವು ಆಗ ಇಂಗ್ಲೆಂಡಿನ ವಿದ್ಯಾವಂತರಲ್ಲಿ ಹರಡಿತ್ತು. ಜೆನೆನ್ಸನ ತಮ್ಮನು ಅಂಥ ವಾದಗಳಿಂದ ವಿಶ್ವಾಸ ಕದಡಿ 1728ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದನು. ಈ ಹಿನ್ನೆಲೆಯಲ್ಲಿ ನೋಡಿದರೆ ಪ್ರವಾದನೆಯ ನೆರವೇರಿಕೆಯಿಂದ ಪ್ರಾರಂಭಿಸಿ, ಶ್ರಮೆಮರಣ ಪುನರುತ್ಥಾನಗಳ ಮೂಲಕ ಸಾಗಿ, ಸತ್ತವರ ಎದ್ದುಬರೋಣದ ನಿರೀಕ್ಷೆಯಲ್ಲಿ ಮುಗಿಯುವ ಈ ಸಂಕಲನವು ಸಂದೇಹಕ್ಕೆ ಸತ್ಯವೇದದ ಮಾತಿನಲ್ಲೇ ಕೊಟ್ಟ ಉತ್ತರವಾಗಿ ಕಾಣುತ್ತದೆ. ತಮ್ಮನನ್ನು ಕಳೆದುಕೊಂಡ ಅಣ್ಣನೊಬ್ಬನ ಅಧ್ಯಯನವು ಆ ಸಂಗೀತದ ಕೆಳಗೆ ಅಡಿಪಾಯವಾಗಿ ನಿಂತಿದೆ. ಹ್ಯಾಂಡೆಲನ ಅವಸರವನ್ನು ಕಂಡು ಈ ಜೆನೆನ್ಸನೇ ಅಸಮಾಧಾನಗೊಂಡು ಗೆಳೆಯನಿಗೆ ದೂರು ಬರೆದದ್ದೂ ಉಂಟು.

ಡಬ್ಲಿನ್ ಮತ್ತು ಲಂಡನ್

ಪ್ರಥಮ ಪ್ರದರ್ಶನವು 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದ ಸಂಗೀತಭವನವೊಂದರಲ್ಲಿ, ಕಿಕ್ಕಿರಿದ ಸುಮಾರು 700 ಮಂದಿ ಶ್ರೋತೃಗಳ ಮುಂದೆ ನಡೆಯಿತು. ಹೆಚ್ಚು ಜನರಿಗೆ ಎಡೆಯಾಗಲೆಂದು ಸ್ತ್ರೀಯರು ಅಗಲವಾದ ಬಳೆಲಂಗಗಳನ್ನೂ ಪುರುಷರು ಖಡ್ಗಗಳನ್ನೂ ಧರಿಸದೆ ಬರಬೇಕೆಂದು ಮೊದಲೇ ಪ್ರಕಟಣೆಯಾಗಿತ್ತು. ಬಂದ ಸುಮಾರು 400 ಪೌಂಡುಗಳನ್ನು ಎರಡು ಆಸ್ಪತ್ರೆಗಳಿಗೂ ಸಾಲಕ್ಕಾಗಿ ಸೆರೆಬಿದ್ದವರ ನೆರವಿಗೂ ಹಂಚಲಾಯಿತು. 142 ಮಂದಿ ಸೆರೆಯವರು ಬಿಡುಗಡೆ ಹೊಂದಿದರು.

ಆ ದಿನ ಕ್ರಿಸ್ತನ ತಿರಸ್ಕಾರವನ್ನು ಕುರಿತ ಯೆಶಾಯನ ಮಾತುಗಳನ್ನು ಹಾಡಿದವಳು ಸುಸಾನ್ನ ಸಿಬ್ಬರ್. 1738ರಲ್ಲಿ ಆಕೆಯ ಗಂಡನು ಹೂಡಿದ ವ್ಯಭಿಚಾರದ ಮೊಕದ್ದಮೆಯಲ್ಲಿ ಆಕೆಯ ಖಾಸಗಿ ಬದುಕೆಲ್ಲವೂ ಬೀದಿಗೆ ಬಿದ್ದಿತ್ತು. ಆತನು 5,000 ಪೌಂಡು ಪರಿಹಾರ ಕೇಳಿದ್ದರೆ ನ್ಯಾಯಾಲಯವು ಕೇವಲ 10 ಪೌಂಡು ಕೊಡಿಸಿತು. ಆದರೂ ಅಪಕೀರ್ತಿ ಉಳಿದದ್ದು ಆಕೆಗೆ. ಡಬ್ಲಿನ್ನಿನ ಪಾದ್ರಿ ಪ್ಯಾಟ್ರಿಕ್ ಡಿಲೇನಿಯು ಆಕೆಯ ಹಾಡನ್ನು ಕೇಳಿ, ಈ ಗಾನಕ್ಕಾಗಿ ಆಕೆಯ ಪಾಪಗಳೆಲ್ಲ ಕ್ಷಮಿಸಲ್ಪಡಲೆಂದು ಉದ್ಗರಿಸಿದನೆಂಬುದು ಪರಂಪರೆಯಿಂದ ಬಂದ ಮಾತು. ಚಿತ್ರವು ಆಕೆಯನ್ನು ಹ್ಯಾಂಡೆಲನ ಶುಭಚಿಂತಕಿಯಾಗಿ ಮೃದುವಾಗಿ ತೋರಿಸುತ್ತದೆ. ಚರಿತ್ರೆಯು ಹೇಳುವುದು ಇದಕ್ಕಿಂತ ಆಳವಾದುದು: ತಿರಸ್ಕೃತನಾದ ಕರ್ತನ ಹಾಡಿಗೆ ಮೊದಲ ಧ್ವನಿಯಾದವಳು ತಾನೇ ತಿರಸ್ಕಾರವನ್ನು ಉಂಡವಳು.

1743ರ ಮಾರ್ಚಿಯಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ಕೃತಿಯನ್ನು ಹಾಡಿಸಿದಾಗ 'ಮೆಸ್ಸಾಯ' ಎಂಬ ಹೆಸರನ್ನೇ ಜಾಹೀರಾತಿನಲ್ಲಿ ಬಳಸಲಿಲ್ಲ. ದೇವರ ವಾಕ್ಯವನ್ನು ನಾಟಕಶಾಲೆಯಲ್ಲಿ ನಟನಟಿಯರು ಹಾಡುವುದು ಯುಕ್ತವೇ ಎಂಬ ವಾದ ಪತ್ರಿಕೆಗಳಲ್ಲಿ ಎದ್ದಿತು. ಎರಡು ಶತಮಾನಗಳ ನಂತರ ರ‍್ಯಾಂಕ್ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. 1758ರಲ್ಲಿ ಬ್ರಿಸ್ಟಲ್ ಪ್ರಧಾನ ದೇವಾಲಯದಲ್ಲಿ 'ಮೆಸ್ಸಾಯ'ವನ್ನು ಕೇಳಿದ ಜಾನ್ ವೆಸ್ಲಿಯವರು, ಅಲ್ಲಿ ನೆರೆದವರು ಪ್ರಸಂಗವನ್ನು ಕೇಳುವಾಗಲೂ ಇಷ್ಟು ಗಂಭೀರರಾಗಿದ್ದರೋ ಇಲ್ಲವೋ ಎಂದು ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ರ‍್ಯಾಂಕನ ಸಭೆಯ ಮೂಲಪುರುಷನೇ ಹೀಗೆ ಒಂದು ಉತ್ತರವನ್ನು ಬಿಟ್ಟುಹೋಗಿದ್ದರು.

ಚಿತ್ರದಲ್ಲಿ ಇಲ್ಲದ ಸಂಗತಿ

1942ರ ಚಿತ್ರವು ತಿಳಿದಿರಲಾರದ ಒಂದು ಸಂಗತಿಯನ್ನು ನಾವು ಬಿಡುವಂತಿಲ್ಲ. ಹ್ಯಾಂಡೆಲನು ಸೌತ್ ಸೀ ಕಂಪನಿಯ ಷೇರುಗಳನ್ನು ಹೊಂದಿದ್ದನೆಂದೂ 1720ರಲ್ಲಿ ರಾಯಲ್ ಆಫ್ರಿಕನ್ ಕಂಪನಿಯ ಷೇರುಗಳ ವ್ಯವಹಾರ ಮಾಡಿದನೆಂದೂ ಆ ಕಂಪನಿಗಳ ಲೆಕ್ಕಪುಸ್ತಕಗಳಿಂದ ಈಚಿನ ಸಂಶೋಧಕರು ತೋರಿಸಿದ್ದಾರೆ. ಎರಡೂ ಆಫ್ರಿಕದ ಜನರನ್ನು ಗುಲಾಮರಾಗಿ ಮಾರುವ ವ್ಯಾಪಾರದಲ್ಲಿ ತೊಡಗಿದ್ದ ಕಂಪನಿಗಳು. ಡಬ್ಲಿನ್ನಿನ ಸೆರೆಯವರನ್ನು ಬಿಡಿಸಿದ ಕೃತಿಯ ಕರ್ತೃವಿನ ಹಣವು ಒಂದು ಕಾಲಕ್ಕೆ ಇನ್ನೊಂದು ಸೆರೆಯಲ್ಲಿ ಬೆಳೆದಿತ್ತು. 1750ರಿಂದ ಲಂಡನ್ನಿನ ಅನಾಥ ಶಿಶುಗಳ ಆಸ್ಪತ್ರೆಗಾಗಿ ಆತನು ವರ್ಷವರ್ಷವೂ 'ಮೆಸ್ಸಾಯ'ವನ್ನು ಹಾಡಿಸಿದ್ದೂ, ಮರಣಶಾಸನದಲ್ಲಿ ಅದರ ಪ್ರತಿಯನ್ನು ಆ ಸಂಸ್ಥೆಗೆ ಬಿಟ್ಟದ್ದೂ ಅಷ್ಟೇ ನಿಜ. ಒಂದರಿಂದ ಇನ್ನೊಂದನ್ನು ಅಳಿಸಲು ನಮಗೆ ಅಧಿಕಾರವಿಲ್ಲ.

ಸಭೆಗೆ ಇದರ ಅರ್ಥ

ಹಾಗಾದರೆ ಚಿತ್ರವನ್ನು ತಳ್ಳಿಹಾಕಬೇಕೆ? ಬೇಕಿಲ್ಲ. ಯುದ್ಧದ ಕತ್ತಲಲ್ಲಿ ಅದು ಒಂದು ಜನಾಂಗಕ್ಕೆ ಸುವಾರ್ತೆಯ ಸಂಗೀತವನ್ನು ನೆನಪಿಸಿತು. ಆದರೆ ದೇವರ ಕೃಪೆಯನ್ನು ಸಾರಲು ಮನುಷ್ಯನ ಜೀವನವನ್ನು ತಿದ್ದಿ ನುಣುಪು ಮಾಡಬೇಕೆಂಬ ಅದರ ಊಹೆಯನ್ನು ನಾವು ಒಪ್ಪಲಾರೆವು. ದಾವೀದನ ಪಾಪವನ್ನೂ ಪೇತ್ರನ ನಿರಾಕರಣೆಯನ್ನೂ ಮರೆಮಾಚದ ಸತ್ಯವೇದವು ನಮಗೆ ಬೇರೆ ಮಾದರಿಯನ್ನು ಕೊಟ್ಟಿದೆ. ವಾಕ್ಯವೆಂಬಾತನು ನರಾವತಾರಿಯಾಗಿ ಬಂದನೆಂದು ನಂಬುವ ಸಭೆಗೆ ಇಸವಿ, ಲೆಕ್ಕಪುಸ್ತಕ, ಮೊಕದ್ದಮೆಯ ಕಡತಗಳು ಪರಕೀಯವಲ್ಲ. ಅಭ್ಯಾಸದ ದುಡಿಮೆ, ಮರುಬಳಕೆಯಾದ ಪ್ರಣಯದ ರಾಗ, ದುಃಖಿತ ಅಣ್ಣನೊಬ್ಬನ ಅಧ್ಯಯನ, ಅವಮಾನಿತ ಸ್ತ್ರೀಯೊಬ್ಬಳ ಕಂಠ: ಪವಿತ್ರಾತ್ಮನು ಉಪಯೋಗಿಸಿದ್ದು ಇವುಗಳನ್ನು. ಈ ಪಟ್ಟಿಯಲ್ಲಿ ನಮ್ಮಂಥವರಿಗೂ ಸ್ಥಳವಿದೆ.

ಹ್ಯಾಂಡೆಲನು 1759ರ ಏಪ್ರಿಲ್ 14ರಂದು, ಶುಭ ಶುಕ್ರವಾರದ ಮರುದಿನ, ತೀರಿಕೊಂಡನು. ಆತನ ಹಸ್ತಪ್ರತಿಯ ಕೊನೆಯಲ್ಲಿ, ದೇವರಿಗೆ ಮಾತ್ರ ಮಹಿಮೆ ಎಂಬರ್ಥದ ಮೂರು ಲ್ಯಾಟಿನ್ ಅಕ್ಷರಗಳಿವೆ. ನಮ್ಮ ಗಾಯನವೃಂದಗಳು 'ಹಲ್ಲೆಲೂಯ' ಹಾಡಲು ಏಳುವಾಗ ಸಭಾಪಾಲಕರು ಅದರ ಚರಿತ್ರೆಯನ್ನು ಹೇಳಬಯಸಿದರೆ, ಆ ಮೂರು ಅಕ್ಷರಗಳ ಜೊತೆಗೆ ಸಿಬ್ಬರಳನ್ನೂ 142 ಮಂದಿ ಸೆರೆಯವರನ್ನೂ, ಹಡಗುಗಳಲ್ಲಿ ಸಾಗಿಸಲ್ಪಟ್ಟ ಹೆಸರಿಲ್ಲದ ಆಫ್ರಿಕದವರನ್ನೂ ನೆನೆಯಲಿ. ಆಗ ಮಹಿಮೆಯು ಸಲ್ಲಬೇಕಾದಾತನಿಗೇ ಸಲ್ಲುವುದು.