ಪೆಟ್ಟಿಗೆಗೆ ಬ್ಯಾನ್, ಕೊಂಡವನಿಗೆ ನಷ್ಟ: ಗೇಮ್ ಕನ್ಸೋಲ್‌ಗಳ ಕಳ್ಳ-ಪೊಲೀಸ್ ಆಟ

2009ರ ನವೆಂಬರ್ ತಿಂಗಳು. 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2' ಎಂಬ ಗೇಮ್ 10ನೇ ತಾರೀಖು ಬಿಡುಗಡೆಯಾಯಿತು. ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡಲು ಕಾದು ಕೂತಿದ್ದವರು ಅದೇ ದಿನಗಳಲ್ಲಿ ತಮ್ಮ ಎಕ್ಸ್‌ಬಾಕ್ಸ್ 360 ಹಚ್ಚಿದರೆ, ಈ ಕನ್ಸೋಲ್‌ಗೆ ಇನ್ನು ಆನ್‌ಲೈನ್ ಪ್ರವೇಶ ಇಲ್ಲ ಎಂಬ ಸಂದೇಶ ಟಿ.ವಿ. ಮೇಲೆ ಬಂತು. ಹೀಗೆ ಹೊರಬಿದ್ದ ಪೆಟ್ಟಿಗೆಗಳು 6 ಲಕ್ಷ ಎಂದು ಕೆಲವು ವರದಿ, 10 ಲಕ್ಷದವರೆಗೆ ಎಂದು ಇನ್ನು ಕೆಲವು. ಮೈಕ್ರೋಸಾಫ್ಟ್ ಲೆಕ್ಕ ಕೊಡಲಿಲ್ಲ. ತನ್ನ 2 ಕೋಟಿ ಬಳಕೆದಾರರಲ್ಲಿ ಇದೊಂದು ಸಣ್ಣ ಪಾಲು ಎಂದಿತು, ಅಷ್ಟೇ.

ಇಲ್ಲಿ ಒಂದು ಮಾತು ಗಮನಿಸಿ. ಬ್ಯಾನ್ ಬಿದ್ದದ್ದು ಆಡುವವನ ಖಾತೆಗಲ್ಲ, ಪೆಟ್ಟಿಗೆಗೆ. ನಿಮ್ಮ ಮೊಬೈಲ್‌ನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದಲ್ಲ, ಹಾಗೆಯೇ ಪ್ರತಿ ಕನ್ಸೋಲ್‌ಗೂ ಕಾರ್ಖಾನೆಯಲ್ಲೇ ಒಂದು ಗುರುತು ಬರೆದಿರುತ್ತಾರೆ. ಆ ಗುರುತು ಕಪ್ಪುಪಟ್ಟಿಗೆ ಸೇರಿದರೆ ಮುಗಿಯಿತು. ಯಜಮಾನ ಬದಲಾದರೂ ಬ್ಯಾನ್ ಬದಲಾಗುವುದಿಲ್ಲ. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ.

ನಮ್ಮ ಕಡೆ ಬಹಳ ಜನ ಮೊದಲು ಆಡಿದ್ದು ಜಾತ್ರೆಯಲ್ಲೋ ಪೇಟೆಯಲ್ಲೋ ತಂದ, ಕ್ಯಾಸೆಟ್ ಹಾಕುವ ಟಿ.ವಿ. ಗೇಮ್. ಅವು ಜಪಾನಿನ ನಿಂಟೆಂಡೊ ಕಂಪನಿಯ ಹಳೆ ಯಂತ್ರದ ನಕಲು. ಆದರೂ ಯಾರೂ ಅದನ್ನು ಬ್ಯಾನ್ ಮಾಡುವಂತಿರಲಿಲ್ಲ, ಏಕೆಂದರೆ ಅದು ಹೊರಗಿನ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಆಮೇಲೆ ಪಟ್ಟಣಗಳಿಗೆ ಬಂದ ಚಿಪ್ ಹಾಕಿದ ಪಿಎಸ್2 ಕೂಡ ಹೆಚ್ಚುಕಡಿಮೆ ಹಾಗೆಯೇ ಬದುಕಿತು.

ಕಾಲ ಬದಲಾದದ್ದು 2002ರ ನವೆಂಬರ್‌ನಲ್ಲಿ, ಮೈಕ್ರೋಸಾಫ್ಟ್ ತನ್ನ ಮೊದಲ ಎಕ್ಸ್‌ಬಾಕ್ಸ್‌ಗೆ 'ಎಕ್ಸ್‌ಬಾಕ್ಸ್ ಲೈವ್' ಶುರು ಮಾಡಿದಾಗ. ಅಷ್ಟರಲ್ಲಿ ಆ ಪೆಟ್ಟಿಗೆಯ ಬೀಗ ಒಡೆದಾಗಿತ್ತು. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಆಂಡ್ರೂ ಹುವಾಂಗ್, ಒಳಗಿನ ತಂತಿಗಳಲ್ಲಿ ಹರಿಯುವ ಮಾಹಿತಿಯನ್ನು ತಾನೇ ಮಾಡಿದ ಬೋರ್ಡಿನಿಂದ ಕದ್ದಾಲಿಸಿ ಗುಪ್ತ ಕೀಲಿಯನ್ನು ಹೊರತೆಗೆದಿದ್ದರು. ಇದನ್ನೆಲ್ಲ ಬರೀ ಕಳ್ಳತನ ಎಂದು ತಳ್ಳಿಹಾಕುವುದು ಸರಿಯಲ್ಲ. ಇವತ್ತು ಆಂಡ್ರಾಯ್ಡ್ ಟಿ.ವಿ.ಗಳಲ್ಲಿ ಸಿನಿಮಾ ನೋಡಲು ಬಳಸುವ 'ಕೋಡಿ' ಆ್ಯಪ್ ಹುಟ್ಟಿದ್ದೇ ಬೀಗ ಒಡೆದ ಎಕ್ಸ್‌ಬಾಕ್ಸ್ ಮೇಲೆ. ಹಾಗಂತ ನಕಲಿ ಡಿಸ್ಕ್ ಆಡಿದವರು ಕಡಿಮೆಯೇನಲ್ಲ.

ಆಗಿನ ಉಪಾಯ ಸರಳವಾಗಿತ್ತು. ಮಾಡ್‌ಚಿಪ್‌ಗೊಂದು ಸ್ವಿಚ್. ನಕಲಿ ಆಡುವಾಗ ಆನ್, ಲೈವ್‌ಗೆ ಹೋಗುವಾಗ ಆಫ್. ಒಂದು ದಿನ ಮರೆತು ಆನ್ ಇಟ್ಟೇ ಲೈವ್‌ಗೆ ಹೋದರೆ ಪೆಟ್ಟಿಗೆ ಶಾಶ್ವತವಾಗಿ ಹೊರಗೆ.

2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಬಹಳ ಗಟ್ಟಿ. ಆದರೆ ಮನೆಗೆಲ್ಲ ಕಬ್ಬಿಣದ ಬಾಗಿಲಿಟ್ಟು ಕಾವಲುಗಾರನ ಮಾತನ್ನು ಮಾತ್ರ ಕಣ್ಣುಮುಚ್ಚಿ ನಂಬಿದ ಹಾಗಾಗಿತ್ತು. ಡಿಸ್ಕ್ ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವ ಕೆಲಸ ಡಿವಿಡಿ ಡ್ರೈವ್‌ದು. 2006ರಲ್ಲಿ ಹ್ಯಾಕರ್‌ಗಳು ಆ ಡ್ರೈವ್ ಒಳಗಿನ ಫರ್ಮ್‌ವೇರ್ ಬದಲಿಸಿ, ನಕಲಿಯನ್ನೂ 'ಅಸಲಿ' ಎನ್ನುವಂತೆ ಮಾಡಿದರು. 2007ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಬ್ಯಾನ್ ಶುರು ಮಾಡಿತು. ಪ್ರತಿಯಾಗಿ 'ಐಎಕ್ಸ್‌ಟ್ರೀಮ್' ಎಂಬ ಹೊಸ ಫರ್ಮ್‌ವೇರ್ ಬಂತು. ಕಂಪನಿ ಏನು ಪರೀಕ್ಷೆ ಇಟ್ಟರೂ ಮೂಲ ಡ್ರೈವ್ ಕೊಡುವ ಉತ್ತರವನ್ನೇ ಕೊಡುವುದು ಅದರ ಕೆಲಸ. 'ಇದು ಸೇಫ್' ಎಂದು ಜನ ನೆಮ್ಮದಿಯಾಗಿದ್ದರು. ಆ ನೆಮ್ಮದಿಯೇ ಬಲೆ. ಇಂಥ ಕಡೆ ಕಂಪನಿಗಳು ಸಿಕ್ಕ ತಕ್ಷಣ ಹಿಡಿಯುವುದಿಲ್ಲ. ಸುಮ್ಮನೆ ಗುರುತು ಹಾಕಿಕೊಂಡು, ಒಂದೇ ದಿನ ಎಲ್ಲರನ್ನೂ ಹೊರಹಾಕುತ್ತವೆ. ಯಾವ ತಪ್ಪಿನಿಂದ ಸಿಕ್ಕಿಬಿದ್ದೆವು ಎಂದು ಯಾರಿಗೂ ಗೊತ್ತಾಗಬಾರದು, ಅದೇ ಲೆಕ್ಕಾಚಾರ.

2009ರ ಬ್ಯಾನ್ ನಂತರ ಏನಾಯಿತು? ಪೆಟ್ಟಿಗೆ ಹೋದರೂ ಖಾತೆ ಉಳಿದಿತ್ತಲ್ಲ. ದುಡ್ಡಿದ್ದವರು ಹೊಸ ಪೆಟ್ಟಿಗೆ ತಂದು ಹಳೇ ಖಾತೆಯಲ್ಲೇ ಮುಂದುವರಿದರು. ಬ್ಯಾನ್ ಆದದ್ದು ಈಬೇ, ಕ್ರೇಗ್ಸ್‌ಲಿಸ್ಟ್‌ನಂಥ ಮಾರುಕಟ್ಟೆಗೆ ಬಂತು. ಕೆಲವರು ಬ್ಯಾನ್ ವಿಷಯ ಬರೆದೇ ಮಾರಿದರು, ಎಲ್ಲರೂ ಅಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಮಕ್ಕಳಿಗೆ ತಂದ ಅಪ್ಪನಿಗೆ ಮನೆಗೆ ಬಂದು ಇಂಟರ್ನೆಟ್‌ಗೆ ಜೋಡಿಸಿದ ಮೇಲೇ ಗೊತ್ತಾಗುವುದು. ಆನ್‌ಲೈನ್ ಆಟ ಮಾತ್ರವಲ್ಲ, ಅಸಲಿ ಗೇಮನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳುವ ಸೌಲಭ್ಯವೂ ಅದರಲ್ಲಿ ಹೋಗಿತ್ತು. ತಪ್ಪು ಮಾಡಿದವನು ಒಬ್ಬ, ದಂಡ ಕಟ್ಟಿದವನು ಇನ್ನೊಬ್ಬ.

ಇನ್ನೂ ವಿಚಿತ್ರ ವ್ಯಾಪಾರವೊಂದು ಹುಟ್ಟಿಕೊಂಡಿತು. 360ರ ಗುರುತು ಇರುವುದು 'ಕೀವಾಲ್ಟ್' ಎಂಬ ಭಾಗದಲ್ಲಿ. 2009ರ ನಂತರ ಬಂದ ಇನ್ನೂ ಆಳವಾದ ಹ್ಯಾಕ್‌ಗಳಲ್ಲಿ ಕೆಟ್ಟುಹೋದ, ಆದರೆ ಬ್ಯಾನ್ ಆಗದ ಪೆಟ್ಟಿಗೆಯ ಕೀವಾಲ್ಟ್ ತೆಗೆದು ಬ್ಯಾನ್ ಆದದ್ದಕ್ಕೆ ತುಂಬಬಹುದಿತ್ತು. ಸತ್ತವರ ಹೆಸರಿನ ರೇಷನ್ ಕಾರ್ಡಿನಲ್ಲಿ ಅಕ್ಕಿ ಎತ್ತಿದ ಹಾಗೆ. ಜನ ಅವನ್ನು ದುಡ್ಡಿಗೆ ಮಾರಿದರು. ಅದೂ ಬ್ಯಾನ್ ಆಯಿತೋ, ಮತ್ತೊಂದನ್ನು ಕೊಳ್ಳಬೇಕು.

ಸೋನಿ ಪಿಎಸ್3ಯಲ್ಲೂ 2011ರಲ್ಲಿ ಇದೇ ಬ್ಯಾನ್, ಜೊತೆಗೆ ಕೋರ್ಟು. ಅದನ್ನು ಇನ್ನೊಮ್ಮೆ ನೋಡೋಣ.

2018ರಲ್ಲಿ ನಿಂಟೆಂಡೊ ಸ್ವಿಚ್ ಸರದಿ. ಎನ್‌ವಿಡಿಯಾ ಕಂಪನಿಯ ಚಿಪ್‌ನಲ್ಲಿ, ತಿದ್ದಲಾಗದ ಜಾಗದಲ್ಲೇ ಒಂದು ತೂತು ಸಿಕ್ಕಿತು. ಆಗಲೇ ಮಾರಾಟವಾಗಿದ್ದ ಪೆಟ್ಟಿಗೆಗಳನ್ನು ಯಾವ ಅಪ್‌ಡೇಟ್‌ನಿಂದಲೂ ಸರಿಮಾಡಲು ಆಗುವಂತಿರಲಿಲ್ಲ. ನಿಂಟೆಂಡೊಗೆ ಉಳಿದದ್ದು ಬ್ಯಾನ್ ಒಂದೇ. ಬಳಕೆದಾರರು ಮೆಮೊರಿ ಕಾರ್ಡ್‌ನಲ್ಲಿ ಇನ್ನೊಂದು ವ್ಯವಸ್ಥೆ ಇಟ್ಟುಕೊಂಡು, ಅದನ್ನು ಇಂಟರ್ನೆಟ್‌ಗೆ ಬಿಡದೆ, ಒಳಗಿನ ಅಸಲಿಯನ್ನು ಮಾತ್ರ ಆನ್‌ಲೈನ್‌ಗೆ ಒಯ್ದರು. ಹಳೇ ಸ್ವಿಚ್ ಉಪಾಯವೇ, ರೂಪ ಬೇರೆ. ಆದರೆ ಇಲ್ಲಿ ಪೆಟ್ಟಿಗೆಗಷ್ಟೇ ಅಲ್ಲ, ಒಂದೊಂದು ಗೇಮ್ ಕಾರ್ಡಿಗೂ ಬೇರೆ ಬೇರೆ ಗುರುತು.

ಇದರ ಬಿಸಿ ತಟ್ಟಿದ್ದು 2025ರ ಜೂನ್‌ನಲ್ಲಿ ಸ್ವಿಚ್ 2 ಬಂದ ಮೇಲೆ. ಹಳೇ ಗೇಮ್ ಕಾರ್ಡನ್ನು ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡ ಒಬ್ಬರ ಕನ್ಸೋಲ್ ಬ್ಯಾನ್ ಆಯಿತು. ಮೊದಲಿನ ಮಾಲೀಕ ಆ ಕಾರ್ಡಿನ ನಕಲು ಮಾಡಿಟ್ಟುಕೊಂಡಿರಬೇಕು. ಕೊಂಡ ಪುರಾವೆ ಕೊಟ್ಟ ಮೇಲೆ ಬ್ಯಾನ್ ತೆಗೆದರು ಎಂದು ವರದಿಯಾಯಿತು. ಪುರಾವೆ ಎತ್ತಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಹಳೇ ಮೊಬೈಲ್ ಕೊಳ್ಳುವಾಗ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಮೆಸೇಜ್ ಕಳಿಸಿ ವಿಚಾರಿಸಬಹುದು. ಹಳೇ ಕನ್ಸೋಲ್‌ಗಾದರೆ ಮಾರುವವನ ಎದುರೇ ವೈಫೈಗೆ ಜೋಡಿಸಿ ನೋಡಬೇಕು. ಅದು ಇವತ್ತು ಆನ್‌ಲೈನ್‌ಗೆ ಹೋದರೂ, ಕಂಪನಿಯ ಮುಂದಿನ ಪಟ್ಟಿಯಲ್ಲಿ ಅದರ ನಂಬರ್ ಆಗಲೇ ಬಿದ್ದಿದೆಯೋ ಇಲ್ಲವೋ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ.