ಫೆನ್ವೇ ಕ್ರೀಡಾಂಗಣ

ಬೇಸ್‌ಬಾಲ್ ಆಟವು ನಮ್ಮಲ್ಲಿ ಹಲವರಿಗೆ ಅಪರಿಚಿತ. ಕ್ರಿಕೆಟ್ಟಿನ ದಾಯಾದಿಯೆಂದು ಶ್ರೋತೃಗಳು ಭಾವಿಸಿದರೆ ಸದ್ಯಕ್ಕೆ ಸಾಕು. ಅಮೆರಿಕದ ಬೋಸ್ಟನ್ ನಗರದಲ್ಲಿರುವ ಫೆನ್ವೇ ಪಾರ್ಕು ಆ ದೇಶದ ಪ್ರಧಾನ ಲೀಗಿನ ಕ್ರೀಡಾಂಗಣಗಳಲ್ಲೆಲ್ಲ ಹಳೆಯದು. 1912ನೆಯ ಏಪ್ರಿಲ್ 20ರಂದು ಅಲ್ಲಿ ಮೊದಲ ಲೀಗ್ ಪಂದ್ಯ ನಡೆಯಿತು. ಟೈಟಾನಿಕ್ ಹಡಗು ಮುಳುಗಿ ಆಗ ಐದೇ ದಿನಗಳಾಗಿದ್ದುವು. ಜನರ ಮನಸ್ಸೆಲ್ಲ ಆ ಕಡೆಗಿತ್ತು.

ಎಡಮಗ್ಗುಲಿನ 37 ಅಡಿ ಎತ್ತರದ ಗೋಡೆಯೇ ಇದರ ವಿಶೇಷ. ಹಿಂದೆ ಬೀದಿಯು ಒತ್ತಿಕೊಂಡಿರುವುದರಿಂದ ಆ ಪಕ್ಕ ಕಿರಿದು. ಅಗಲದ ಕೊರತೆಯನ್ನು ಎತ್ತರವು ತುಂಬಿಕೊಟ್ಟಿದೆ. ಜಾಹೀರಾತುಗಳಿಂದ ತುಂಬಿದ್ದ ಆ ಗೋಡೆಗೆ 1947ರಲ್ಲಿ ಹಸುರು ಬಣ್ಣ ಬಳಿದರು; ಜನರು ‘ಹಸುರು ರಾಕ್ಷಸ’ನೆಂದು ಕರೆದರು.

ಹಳೆಯದನ್ನು ಕೊಂಡಾಡುವವರು ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. 1945ರಲ್ಲಿ ಜಾಕಿ ರಾಬಿನ್ಸನ್ ಮೊದಲಾದ ಮೂವರು ಕರಿಯ ಆಟಗಾರರನ್ನು ಇದೇ ಅಂಗಣದಲ್ಲಿ ಪರೀಕ್ಷಿಸಿ, ಒಬ್ಬರನ್ನೂ ಸೇರಿಸಿಕೊಳ್ಳದೆ ಹಿಂದಿರುಗಿಸಿದರು. ಬೋಸ್ಟನ್ ತಂಡದಲ್ಲಿ ಕರಿಯನೊಬ್ಬನು ಆಡಿದುದು 1959ರಲ್ಲಿ, ಲೀಗಿನ ಉಳಿದೆಲ್ಲ ತಂಡಗಳ ಬಳಿಕ.

1999ರಲ್ಲಿ ಇದನ್ನು ಕೆಡವಿ ಪಕ್ಕದಲ್ಲಿಯೇ ಹೊಸದನ್ನು ಕಟ್ಟುವ ಯೋಜನೆ ಹೊರಟಿತು. ನಗರವಾಸಿಗಳಲ್ಲಿ ಅನೇಕರು ಪ್ರತಿಭಟಿಸಿದರು. 2002ರಲ್ಲಿ ಒಡೆತನ ಬದಲಾಯಿತು. ಹೊಸಬರು ಕೆಡಹುವುದನ್ನು ಬಿಟ್ಟು ದುರಸ್ತಿಗೆ ತೊಡಗಿದರು. ಮರುವರ್ಷವೇ ಆ ಹಸುರು ಗೋಡೆಯ ನೆತ್ತಿಯ ಮೇಲೆ ಪ್ರೇಕ್ಷಕರಿಗೆ ಆಸನಗಳನ್ನಿಟ್ಟರು.